ಮುರುಬಂಡೆಯ ನಲವತ್ತೊಂದು ದನಿ

ಸಮುದ್ರದ ತಳಕ್ಕೆ ಒಂದು ಕಿವಿ ಇಟ್ಟರೆ ಹೇಗೆ ಎಂದು ಯಾರೋ ಒಮ್ಮೆ ಯೋಚಿಸಿದ್ದರಿಂದ, ತೆಂಕಳಿವೆಯ ಬೋಟುಗಳು ಮೂರು ವರ್ಷದಿಂದ ಮುರುಬಂಡೆಯ ಕಡೆ ಮೂತಿ ತಿರುಗಿಸಿರಲಿಲ್ಲ.

ಮುರುಬಂಡೆ ದಡದಿಂದ ಮೂರು ಮೈಲಿ ದೂರ. ನೀರಿನ ಮೇಲೆ ಕಾಣುವುದು ಆನೆಯ ಬೆನ್ನಿನಷ್ಟು ಕರಿಕಲ್ಲು ಮಾತ್ರ. ಕಾಣದೆ ಇರುವುದು ಅದರ ಸುತ್ತ ಹತ್ತು ಮಾರು ಆಳದಲ್ಲಿ ಊರಿಗಿಂತ ಅಗಲವಾಗಿ ಹಬ್ಬಿದ ಹವಳದ ದಿಬ್ಬ. ಅದರ ಪೊಟರೆಗಳಲ್ಲಿ ಮುರು ಮೀನಿನ ವಾಸ. ಕಂದು ಮೈಮೇಲೆ ಚುಕ್ಕೆ, ದಪ್ಪ ತುಟಿ, ಯಾರ ಮೇಲೋ ಕೋಪ ಮಾಡಿಕೊಂಡಂತೆ ಮುಂದೆ ಚಾಚಿದ ಕೆಳದವಡೆ. ಇಪ್ಪತ್ತು, ಮೂವತ್ತು ವರ್ಷ ಬದುಕುವ ಮೀನು. ಒಂದು ಪೊಟರೆ ಹಿಡಿದರೆ ಸಾಯುವ ತನಕ ಅದೇ ಮನೆ.

ಈ ಮೀನಿನದೊಂದು ವಿಶೇಷವಿದೆ. ಹುಟ್ಟುವಾಗ ಎಲ್ಲವೂ ಹೆಣ್ಣೇ. ಎಷ್ಟೋ ವರ್ಷ ಮೊಟ್ಟೆಯಿಟ್ಟು, ಮೈ ಬೆಳೆದು, ಗುಂಪಿನಲ್ಲಿ ದೊಡ್ಡದಾದದ್ದು ಗಂಡಾಗುತ್ತದೆ. ತೆಂಕಳಿವೆಯವರಿಗೆ ಇದು ಗೊತ್ತಿರಲಿಲ್ಲ. ಜೀವಂತ ಮುರುವನ್ನು ನೀರಿನ ಪೆಟ್ಟಿಗೆಯಲ್ಲಿಟ್ಟು ವಿಮಾನ ಹತ್ತಿಸುವ ಕಾಲ ಬಂದಾಗ ಅವರು ದೊಡ್ಡದನ್ನು ಹಿಡಿದು ಸಣ್ಣದನ್ನು ನೀರಿಗೆ ಬಿಟ್ಟರು. ಸಣ್ಣದನ್ನು ಬಿಡುವುದೇ ಧರ್ಮ ಎಂದುಕೊಂಡಿದ್ದರು. ಹಾಗೆ ಬಿಡುತ್ತ ಬಿಡುತ್ತ, ಒಂದು ದಿನ ಬಂಡೆಯಲ್ಲಿ ಗಂಡೇ ಕಾಣದಂತಾಯಿತು.

ಆಗ ಬಂದದ್ದು ನೀರ್ಗಿವಿ. ತೆಂಗಿನಕಾಯಿ ಗಾತ್ರದ ಆರು ಕರಿ ಗುಂಡುಗಳನ್ನು ದಿಬ್ಬದ ಸುತ್ತ ಇಳಿಸಿ, ತಂತಿ ಎಳೆದು, ಗುಡ್ಡದ ಮೇಲಿನ ಹಳೆಯ ದೀಪಸ್ತಂಭದ ಬುಡದ ಕೋಣೆಗೆ ಸೇರಿಸಿದರು. ಗಂಡು ಮುರು ಬೆದೆಯ ಕಾಲದಲ್ಲಿ ಹೊಟ್ಟೆಯೊಳಗಿನ ಗಾಳಿಚೀಲವನ್ನು ಅದುರಿಸಿ ಗುಂ ಎಂದು ಕೂಗುತ್ತದೆ. ಮೈ ದೊಡ್ಡದಾದಷ್ಟೂ ದನಿ ಕೆಳಗೆ. ಯಂತ್ರ ಹಗಲೂ ರಾತ್ರಿ ಕೇಳುತ್ತ, ಪ್ರತಿ ಗುಂಕಾರವನ್ನೂ ಕತ್ತರಿಸಿ ತೆಗೆದು, ಒಂದರ ಪಕ್ಕ ಒಂದಿಟ್ಟು, ಯಾವುದು ಯಾರ ದನಿ ಎಂದು ವಿಂಗಡಿಸಿ ಎಣಿಸುತ್ತಿತ್ತು. ಎರಡು ಹಂಗಾಮು ಬಿಡದೆ ಇಪ್ಪತ್ತೈದು ಬೇರೆ ಬೇರೆ ಗಂಡು ದನಿ ಕೇಳಿಸಿದರೆ ಬಂಡೆ ತೆರೆಯುತ್ತದೆ. ಅಲ್ಲಿಯವರೆಗೆ ಅತ್ತ ಹೋದವರ ದೋಣಿ ಸರಕಾರಕ್ಕೆ, ಮೀನುಗಾರರ ಪಟ್ಟಿಯಿಂದ ಹೆಸರು ಹೊರಕ್ಕೆ. ನಿಯಮ ಇಷ್ಟೇ.

ಆ ಕೋಣೆಯಲ್ಲಿ ನಾಗವೇಣಿಗೆ ಕೆಲಸ. ಯಂತ್ರ ಕತ್ತರಿಸಿಟ್ಟ ತುಣುಕುಗಳಲ್ಲಿ ನೂರಕ್ಕೆ ಹತ್ತನ್ನು ಅವಳು ಕೇಳಿ ನೋಡಬೇಕು. ಹೌದು, ಮುರು. ಅಲ್ಲ, ಕಲ್ಲು ಉರುಳಿದ್ದು. ಹೌದು, ಮುರು. ಕಿವಿಯ ಹಿಂದಿನ ಎಲುಬಿಗೆ ಎರಡು ಬಿಲ್ಲೆ ಒತ್ತಿಕೊಂಡು ಕೇಳುವುದು. ದನಿ ಎಲುಬಿನಲ್ಲೇ ಒಳಗಿಳಿಯುತ್ತದೆ. ಒಂದೊಂದು ತುಣುಕು ಒಂದು ಚಿಟಿಕೆಯಷ್ಟು ಹೊತ್ತು. ಮೊಗೇರಕೇರಿಯ ಜಟ್ಟಪ್ಪನ ಮಗಳು, ಮುರುವಿನ ಮನೆತನದವಳು, ಎಂದೇ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು.

ಪುಷ್ಯಮಾಸದ ಒಂದು ಗುರುವಾರ, ಆ ನೀರ್ಗಿವಿ ಕೇಂದ್ರದ ವಿಜ್ಞಾನಿ ಡಾಕ್ಟರ್ ಸಬೀಹಾ ಶಾಬಂದ್ರಿ ಅವಳನ್ನು ತನ್ನ ಮೇಜಿಗೆ ಕರೆದಳು.

"ನಾಗವೇಣಿ, ಇದನ್ನ ನೀವು ಓದಿ. ನಾನು ಓದಿದ್ರೆ ನಂಗೇ ನಂಬಿಕೆ ಬರ್ತಿಲ್ಲ."

"ನಲವತ್ತೊಂದು," ಎಂದಳು ನಾಗವೇಣಿ. "ಮೇಡಂ, ಹೋದ ಸಲ ಮೂವತ್ತಮೂರು ಇತ್ತಲ್ಲ."

"ಈಗ ನಲವತ್ತೊಂದು. ಸೋಮವಾರ ಬೆಳಿಗ್ಗೆ ತೆರೀತಾರೆ. ಹತ್ತು ದಿನಕ್ಕೆ, ಗಾಳಕ್ಕೆ ಮಾತ್ರ." ಸಬೀಹಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಮೂರು ವರ್ಷದಿಂದ ಅವಳು ಈ ಕೋಣೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡಿದ್ದಳು. "ಬೋಟು ಸಂಘದವರು ಒಂದು ಕೇಳಿದ್ದಾರೆ. ಆ ದಿನ ಮೈಕಿನಲ್ಲಿ ಬಂಡೆಯ ದನಿ ಜನಕ್ಕೆಲ್ಲ ಕೇಳಿಸ್ಬೇಕಂತೆ. ತುಣುಕು ಬೇಡ, ಕತ್ತರಿಸದೆ ಇರುವ ಅಸಲು ಧ್ವನಿಮುದ್ರಣದಿಂದ ಒಂದು ಐದು ನಿಮಿಷ ಆರಿಸಿ ಕೊಡಿ. ಬೆಳಗಿನ ಹೊತ್ತಿನದ್ದು. ಆಗಲೇ ಕೂಗು ಜಾಸ್ತಿ."

ಸುದ್ದಿ ನಾಗವೇಣಿಗಿಂತ ಮೊದಲೇ ಗುಡ್ಡ ಇಳಿದಿತ್ತು. ಕೇರಿಯಲ್ಲಿ ಬೋಟುಗಳಿಗೆ ಬಣ್ಣ ಬಳಿಯುತ್ತಿದ್ದರು. ರತ್ನಾಗಿರಿಗೂ ಮಲ್ಪೆಗೂ ಕೂಲಿಗೆ ಹೋದವರಿಗೆ ಫೋನು ಹೋಗುತ್ತಿತ್ತು. ಮನೆಯಲ್ಲಿ ಸೋದರತ್ತೆ ಮಾದೇವಿ ಅಟ್ಟದಿಂದ ದೊಡ್ಡ ಮೀನುಬುಟ್ಟಿ ಇಳಿಸಿ ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಮೂರು ವರ್ಷ ಅವಳು ಎಲ್ಲಿಯದೋ ಕೆರೆಯಲ್ಲಿ ಬೆಳೆಸಿದ ತಿಲಾಪಿಯನ್ನು ಐಸಿನಲ್ಲಿಟ್ಟು ಮಾರಿದ್ದಳು.

"ಕೆರೆಮೀನು ಹೊತ್ತು ಹೊತ್ತು ಈ ಬುಟ್ಟಿಗೇ ನಾಚಿಕೆ ಆಗಿದೆ ಹೆಣ್ಣೆ," ಎಂದಳು. "ಮೊನ್ನೆ ಒಬ್ಳು ಕೇಳ್ತಾಳೆ, ಇದು ಸಮುದ್ರದ್ದಾ ಅಂತ. ಸಮುದ್ರ ನೋಡಿದ್ದು ಅಂತ ಹೇಳ್ದೆ. ಸುಳ್ಳಲ್ಲ. ನನ್ನ ತಲೆ ಮೇಲೆ ಕೂತು ದಿನಾ ನೋಡ್ತದೆ."

ಬಾಗಿಲು ಬಡಿಯಿತು. ಎರಡು ಒಟ್ಟಿಗೆ, ಒಂದು ತಡೆದು.

"ತೆರೆದೇ ಇದೆ ಮಾರಾಯ! ನಿನ್ನ ಮನೆಗೆ ನೀನೇ ಬಡಿತಿಯಲ್ಲ, ಯಾರಿಗೆ ಕಾಯ್ತೆ?"

ಜಟ್ಟಪ್ಪ ಒಳಗೆ ಬಂದ. ಎಪ್ಪತ್ತೆರಡರ ಮನುಷ್ಯ, ಒಣಗಿದ ಹಗ್ಗದಂಥ ಮೈ. ತೆರೆದ ಬಾಗಿಲನ್ನೂ ಬಡಿದೇ ಒಳಗೆ ಬರುವ ಅವನ ಅಭ್ಯಾಸ ಕೇರಿಗೆಲ್ಲ ನಗೆಯ ವಿಷಯ. ಅದು ಬಂಡೆಯಿಂದ ಬಂದ ಅಭ್ಯಾಸ. ಹಿಂದೆ ಮುರುಬಂಡೆಗೆ ಹೋದವರು ಗಾಳ ಬಿಡುವ ಮೊದಲು ಪಾತಿದೋಣಿಯ ಒಳಮೈಗೆ ಹುಟ್ಟಿನ ಬುಡದಿಂದ ಕುಟ್ಟುತ್ತಿದ್ದರು: ಎರಡು ಒಟ್ಟಿಗೆ, ಒಂದು ತಡೆದು. ಆಮೇಲೆ ಹುಟ್ಟನ್ನು ನೀರಿಗಿಳಿಸಿ ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಉಸಿರು ಬಿಗಿಹಿಡಿದು ಕೇಳುವುದು. ಕೆಳಗಿನಿಂದ ಹೂಂ ಎಂದು ಬಂದರೆ ಗಾಳ. ಬಾರದಿದ್ದರೆ ದೋಣಿ ತಿರುಗಿಸಿ ಮನೆಗೆ. ಇನ್ನೊಬ್ಬರ ಮನೆಗೆ ಹೋಗುವಾಗ ಕರೆದು ಹೋಗಬೇಡವೇ ಎಂಬುದು ಅವರ ಲೆಕ್ಕ. ದೊಡ್ಡ ಬೋಟಿನ ಇಂಜಿನ್ನುಗಳು ಬಂದಮೇಲೆ ಎಲ್ಲರೂ ಅದನ್ನು ಬಿಟ್ಟರು, ಜಟ್ಟಪ್ಪನೊಬ್ಬ ಬಿಡಲಿಲ್ಲ.

"ಕೇಳ್ದ್ಯಾ ಅಪ್ಪ?" ಎಂದಳು ನಾಗವೇಣಿ, ಊಟಕ್ಕೆ ಬಡಿಸುತ್ತ. "ನಲವತ್ತೊಂದು ಗಂಡು!"

"ಸುಳ್ಳು."

"ಎಂತ ಸುಳ್ಳು?"

"ನಲವತ್ತೊಂದು ಇದ್ದಲ್ಲಿ ಒಂದಾದ್ರೂ ಹೂಂ ಅನ್ನಬೇಕಲ್ದಾ?" ಎಂದವನು ಮಾತು ನುಂಗಿಕೊಂಡು ತಟ್ಟೆಗೆ ಬಗ್ಗಿದ. "ಅಲ್ಲ, ಹಾಗೇ ಹೇಳ್ದೆ. ಇರ್ಬಹುದು. ಮಿಷನ್ನಿಗೆ ನಂಗಿಂತ ಚಲೋ ಕೇಳ್ತದೆ."

"ಇವ್ನಿಗೆ ಕಟ್ಟಿಸಿದ ಹಲ್ಲು ಬಂದಮೇಲೆ ಬಾಯಿಗೆ ಬಂದದ್ದೆಲ್ಲ ಜಾರ್ತದೆ," ಎಂದಳು ಮಾದೇವಿ. ಆಸ್ಪತ್ರೆಯ ಶಿಬಿರದಲ್ಲಿ ಜಟ್ಟಪ್ಪನ ಹಲ್ಲೆಲ್ಲ ಕೀಳಿಸಿ ಹೊಸ ಸೆಟ್ಟು ಕಟ್ಟಿಸಿ ಮೂರೂವರೆ ವರ್ಷವಾಗಿತ್ತು. ನಾಗವೇಣಿ ನಕ್ಕಳು. ಅವಳಿಗೆ ಆಗ ಏನೂ ತೋಚಲಿಲ್ಲ.

ತೋಚಿದ್ದು ಮರುದಿನ ಬೆಳಿಗ್ಗೆ, ಕೋಣೆಯಲ್ಲಿ ಬಿಲ್ಲೆ ಒತ್ತಿಕೊಂಡು ಕತ್ತರಿಸದ ಮುದ್ರಣವನ್ನು ಮೊದಲ ಸಲ ಕೇಳಿದಾಗ.

ಮೊದಲು ಹವಳದ ಸದ್ದು, ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಎಡೆಬಿಡದೆ. ನಡುವೆ ಗಿಳಿಮೀನು ಹವಳ ಕಡಿಯುವ ಕಟಕಟ. ಆಮೇಲೆ ಆರೂಕಾಲಕ್ಕೆ ಗುಂಕಾರ. ಅವಳು ಸಾವಿರ ಸಲ ಕೇಳಿ "ಹೌದು, ಮುರು" ಎಂದು ಒಪ್ಪಿದ್ದೇ ಗುಂಕಾರ. ಆದರೆ ಇಲ್ಲಿಯತನಕ ಯಂತ್ರ ಅದನ್ನು ಒಂದೊಂದಾಗಿ ಕತ್ತರಿಸಿ ಕೊಡುತ್ತಿತ್ತು. ಈಗ ಅದು ಕತ್ತರಿ ಬೀಳದೆ ಬಂದಿತ್ತು.

ಎರಡು ಒಟ್ಟಿಗೆ. ಒಂದು ತಡೆದು.

ನಾಗವೇಣಿ ಕುರ್ಚಿಯಿಂದ ಅರ್ಧ ಎದ್ದಳು, ಬಾಗಿಲು ತೆರೆಯಲು ಹೋಗುವವಳ ಹಾಗೆ. ಆಮೇಲೆ ಕೂತಳು.

ಮತ್ತೊಂದು ದಿನದ್ದು ತೆಗೆದಳು. ಎರಡು ಒಟ್ಟಿಗೆ, ಒಂದು ತಡೆದು. ಮತ್ತೊಂದು. ಬಂಡೆಯ ಉತ್ತರಕ್ಕೆ ಒಂದು ಸಲ, ತೆಂಕಕ್ಕೆ ಒಂದು ಸಲ, ಆರು ಕಿವಿಗಳ ನಡುವೆ ಸುತ್ತು ಹಾಕುತ್ತ. ಉಬ್ಬರದಲ್ಲಿ ಒಂದು ದನಿ, ಇಳಿತದಲ್ಲಿ ಇನ್ನೊಂದು. ಒಣಗಿದ ಮರಕ್ಕೆ ಒಂದು, ನೆನೆದ ಮರಕ್ಕೆ ಒಂದು, ದೋಣಿಯಲ್ಲಿ ನೀರು ನಿಂತಿದ್ದರೆ ಬೇರೆಯೇ ಒಂದು. ಯಂತ್ರ ಪ್ರತಿಯೊಂದನ್ನೂ ಒಂದೊಂದು ಗಂಡು ಎಂದು ಬರೆದುಕೊಂಡಿತ್ತು. ಇಂಜಿನ್ನಿನ ಸದ್ದಾಗಿದ್ದರೆ ಅದು ಕೂಡಲೇ ಕಾವಲಿನವರನ್ನು ಕರೆಯುತ್ತಿತ್ತು. ಮರದ ಪಾತಿಯೂ ಕೈಹುಟ್ಟೂ ಅದರ ಬುದ್ಧಿಯಲ್ಲಿ ಇರಲೇ ಇಲ್ಲ. ಅದಕ್ಕೆ ಪಾಠ ಹೇಳಿದವರು ಹುಟ್ಟು ಹಾಕುವವರನ್ನು ನೋಡಿರಲಿಲ್ಲ.

ಇನ್ನೂ ಒಂದು ಉಳಿದಿತ್ತು. ಹೋದ ವರ್ಷ ಇದೇ ಪುಷ್ಯದಲ್ಲಿ ಅಪ್ಪ ಹನ್ನೊಂದು ದಿನ ಜ್ವರದಲ್ಲಿ ಮಲಗಿದ್ದ. ಆ ತಾರೀಖುಗಳನ್ನು ತೆಗೆದಳು. ಮೂವತ್ತಮೂರು ಗಂಡುಗಳಿದ್ದ ಬಂಡೆ ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿತ್ತು.

ಪೂರ್ತಿ ಅಲ್ಲ. ಆರನೆಯ ದಿನ, ಅದೇ ಆರೂಕಾಲಕ್ಕೆ, ಒಂದು ದನಿ. ತಳದಿಂದ ಬಂದ, ಅಗಲವಾದ, ಕೊನೆಯಲ್ಲಿ ಸ್ವಲ್ಪ ಒಡೆಯುವ ದನಿ. ನಾಗವೇಣಿ ಹಿಂದಕ್ಕೆ ಹೋಗಿ ಅಪ್ಪ ಕುಟ್ಟಿದ ದಿನಗಳನ್ನೆಲ್ಲ ಮತ್ತೆ ಕೇಳಿದಳು. ಆ ದನಿ ಅಲ್ಲೂ ಇತ್ತು. ಅಪ್ಪನ ಮೂರು ಏಟು, ಆಮೇಲೆ ಎಂಟು ಹತ್ತು ಕ್ಷಣ ಬಿಟ್ಟು ಅದರ ಒಂದು ಹೂಂ. ಪ್ರತಿ ದಿನವೂ. ಏಟಿನ ಹಿಂದೆಯೇ ಬರುವುದರಿಂದ ಯಂತ್ರ ಅದಕ್ಕೆ "ಪ್ರತಿಧ್ವನಿ" ಎಂದು ಹೆಸರಿಟ್ಟು ಕಸದ ಪಟ್ಟಿಗೆ ಹಾಕಿತ್ತು. ನಲವತ್ತೊಂದರಲ್ಲಿ ಅದಿರಲಿಲ್ಲ.

ಬಂಡೆಯಲ್ಲಿ ಇದ್ದ ಒಂದೇ ಒಂದು ಗಂಡು ಲೆಕ್ಕದಿಂದ ಹೊರಗಿತ್ತು. ಲೆಕ್ಕದಲ್ಲಿದ್ದ ನಲವತ್ತೊಂದೂ ಅವಳ ಅಪ್ಪ.

ಅವಳು ಬಿಲ್ಲೆ ಕಿತ್ತಿಟ್ಟು ಸಬೀಹಾಳ ಬಳಿ ಹೋದಳು. ಹೇಳಲೆಂದೇ ಹೋದವಳು ಬೇರೆ ಏನನ್ನೋ ಕೇಳಿದಳು.

"ಮೇಡಂ, ಹೆಣ್ಣು ಮುರು ಗಂಡಾಗ್ಬೇಕು ಅಂತ ಅದಕ್ಕೆ ಯಾರು ಹೇಳ್ತಾರೆ?"

"ಯಾರೂ ಹೇಳೋದಿಲ್ಲ. ಹೇಳೋದು ನಿಂತಾಗ ಆಗ್ತದೆ." ಸಬೀಹಾಗೆ ಇಂಥ ಪ್ರಶ್ನೆ ಎಂದರೆ ಖುಷಿ. "ಗಂಡಿನ ದನಿ ಸುತ್ತ ಕೇಳ್ತಿರುವ ತನಕ ಹೆಣ್ಣು ಹೆಣ್ಣಾಗೇ ಇರ್ತದೆ. ದನಿ ಕಮ್ಮಿ ಆಯ್ತು ಅಂತಿಟ್ಕೊಳ್ಳಿ, ಇದ್ದುದರಲ್ಲಿ ದೊಡ್ಡ ಹೆಣ್ಣು ಬದಲಾಗ್ಲಿಕ್ಕೆ ಶುರು. ನಾಲ್ಕೈದು ತಿಂಗಳು ಸಾಕು. ಆಗಾಗ ನೀರಿಗಿಳಿಸೋ ಕ್ಯಾಮೆರಾದಲ್ಲಿ ಅಷ್ಟು ದೊಡ್ಡ ದೊಡ್ಡ ಹೆಣ್ಣು ಕಾಣ್ತವಲ್ಲ, ಯಾಕೆ ಒಂದೂ ಬದಲಾಗ್ತಿಲ್ಲ ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ. ನಲವತ್ತೊಂದು ಗಂಡು ಕೂಗ್ತಿರುವಾಗ ಯಾಕೆ ಬದಲಾಗ್ತವೆ ಹೇಳಿ?"

ನಾಗವೇಣಿ "ಸ್ವಲ್ಪ ತಲೆನೋವು," ಎಂದು ರಜೆ ಕೇಳಿ, ಕೇಂದ್ರದ ಚಿಕ್ಕ ಸ್ಪೀಕರನ್ನು ಚೀಲಕ್ಕೆ ಹಾಕಿಕೊಂಡು ಗುಡ್ಡ ಇಳಿದಳು.

ಸುಮ್ಮನಿದ್ದರೆ ಸೋಮವಾರ ಮುನ್ನೂರು ಬೋಟು ಅತ್ತ ಹೋಗುತ್ತದೆ. ಹತ್ತು ದಿನದಲ್ಲಿ ಆ ಒಂದು ಗಂಡೂ, ಗಂಡಾಗಬಲ್ಲ ಹೆಣ್ಣುಗಳೂ ಗಾಳಕ್ಕೆ ಬೀಳುತ್ತವೆ. ಮುರುಬಂಡೆಯ ಕತೆ ಮುಗಿಯುತ್ತದೆ. ಬಾಯಿಬಿಟ್ಟರೆ ಅಪ್ಪನ ಪಾತಿ ಹೋಗುತ್ತದೆ, ಪಟ್ಟಿಯಿಂದ ಹೆಸರು ಹೋಗುತ್ತದೆ, ಮತ್ತು ಮೂರು ವರ್ಷ ಹಲ್ಲು ಕಚ್ಚಿ ಕಾದ ಕೇರಿ ಇನ್ನೆಷ್ಟೋ ವರ್ಷ ಕಾಯಬೇಕಾಗುತ್ತದೆ. ಅಷ್ಟು ದೂರ ನಡೆದರೂ ಮೂರನೆಯ ದಾರಿ ಅವಳಿಗೆ ಸಿಗಲಿಲ್ಲ.

ಜಟ್ಟಪ್ಪ ದಡದ ಚಪ್ಪರದಲ್ಲಿ ಮಗುಚಿಟ್ಟ ಪಾತಿಗೆ ಎಣ್ಣೆ ಹಚ್ಚುತ್ತಿದ್ದ. ಮಧ್ಯಾಹ್ನದ ಬಿಸಿಲಿಗೆ ಯಾರೂ ಸುತ್ತ ಇರಲಿಲ್ಲ.

"ಅಪ್ಪ, ನೀ ದಿನಾ ಬೆಳಿಗ್ಗೆ ಎಲ್ಲಿಗೆ ಹೋಗುದು?"

"ಅಳಿವೆಗೆ. ಏಡಿ ಹಿಡಿಲಿಕ್ಕೆ."

"ಮೂರು ವರ್ಷದಲ್ಲಿ ಎಷ್ಟು ಏಡಿ ತಂದೆ?"

ಅವನು ಎಣ್ಣೆಬಟ್ಟೆ ನಿಲ್ಲಿಸಿದ. "ಎರಡು," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಒಂದು ಕಚ್ಚಿ ಓಡಿಹೋಯ್ತು."

ನಾಗವೇಣಿಗೆ ನಗು ಬರಲಿಲ್ಲ. ಅವಳ ಮುಖ ನೋಡಿ ಅವನಿಗೆ ಗೊತ್ತಾಯಿತು.

"ಗಾಳ ಬಿಟ್ಟಿಲ್ಲ ವೇಣಿ. ಆ ಸಮುದ್ರದಾಣೆ, ಒಂದು ದಿನ ಒಂದು ಗಾಳ ಬಿಟ್ಟಿಲ್ಲ. ಬಾಗ್ಲು ಹಾಕಿದ ಮನೆ ಅಂತ ಯಾರೂ ಆ ಕಡೆ ಹೋಗುದಿಲ್ಲ. ಒಳಗಿದ್ದವ್ಕೆ ಹ್ಯಾಂಗಾಗ್ತದೆ? ಇದ್ದೀರಾ ಅಂತ ಕೇಳುಕೆ ಹೋತೆ, ಅಷ್ಟೇ. ಉತ್ತರ ಬಂದ ದಿವ್ಸ ಕೇರಿಗೆ ಬಂದು ಹೇಳುದು ಅಂತಿದ್ದೆ." ಅವನು ಮತ್ತೆ ಬಟ್ಟೆ ಎತ್ತಿಕೊಂಡ. "ಬರ್ಲಿಲ್ಲ. ನಿಮ್ಮ ಮಿಷನ್ ನಲವತ್ತೊಂದು ಅಂತದೆ. ನಂಗೆ ಒಂದೂ ಇಲ್ಲ. ಅಲ್ಲಿ ಯಾರೂ ಇಲ್ಲ ಮಗಾ."

"ಒಂದು ಇದೆ ಅಪ್ಪ. ನಿಂಗೆ ಕೇಳುದಿಲ್ಲ."

"ನಂಗಾ? ಹುಟ್ಟು ಕಚ್ಚಿ ಐವತ್ತು ವರ್ಷ ಕೇಳಿದವ ನಾನು!"

"ಹಲ್ಲಿತ್ತು ಆಗ."

ಅವನ ಕೈ ತಾನಾಗಿ ಬಾಯಿಗೆ ಹೋಯಿತು. ಇದನ್ನು ಅವನು ಯೋಚಿಸಿರಲಿಲ್ಲ. ಕಟ್ಟಿಸಿದ ಹಲ್ಲಿಗೂ ದವಡೆಯ ಎಲುಬಿಗೂ ನಂಟಿಲ್ಲ. ಹುಟ್ಟಿನಲ್ಲಿ ಏರಿ ಬಂದ ದನಿ ಆ ಪ್ಲಾಸ್ಟಿಕ್ಕಿನಲ್ಲೇ ಇಂಗಿಹೋಗುತ್ತಿತ್ತು. ಬಂಡೆ ಮೂಕವಾಯಿತು ಎಂದು ಅವನು ಮೂರು ವರ್ಷ ದುಃಖಪಟ್ಟಿದ್ದ.

ನಾಗವೇಣಿ ಸ್ಪೀಕರನ್ನು ಮರಳ ಮೇಲಿಟ್ಟು ಹುಟ್ಟಿನ ಅಲಗನ್ನು ಅದಕ್ಕೆ ಒತ್ತಿದಳು. ಹಿಡಿಯನ್ನು ಅಪ್ಪನ ಕಿವಿಯ ಹಿಂದಿನ ಎಲುಬಿಗೆ ತಾಗಿಸಿದಳು. "ಹಲ್ಲಲ್ಲಿ ಬೇಡ. ಇಲ್ಲಿ ಹಿಡ್ಕೊ."

ಎರಡು ಒಟ್ಟಿಗೆ, ಒಂದು ತಡೆದು. ಜಟ್ಟಪ್ಪ ತಲೆಯಾಡಿಸಿದ, ತನ್ನ ಕೈಯನ್ನು ಗುರುತಿಸಿದ. ಆಮೇಲೆ ಸಾಸಿವೆ ಸಿಡಿಯುವ ಮೌನ. ಆಮೇಲೆ ಅದು ಬಂತು.

ಅವನ ಕಣ್ಣು ಮುಚ್ಚಿತು.

"ಇನ್ನೊಂದ್ಸಲ," ಎಂದ.

ಅವಳು ಇನ್ನೊಂದು ದಿನದ್ದನ್ನು ಹಾಕಿದಳು. ಮತ್ತೊಂದನ್ನು. ಹತ್ತು ದಿನದ್ದು ಹಾಕಿದಳು.

"ದಿನಾನೂ?"

"ದಿನಾನೂ. ನಿಂಗೆ ಜ್ವರ ಬಂದಾಗ ಆರನೇ ದಿನ ಅದೇ ಮೊದ್ಲು ಕೂಗಿದೆ."

ಜಟ್ಟಪ್ಪ ಹುಟ್ಟನ್ನು ಕೆಳಗಿಳಿಸಿದ. ಅವನ ಮುಖದಲ್ಲಿದ್ದದ್ದು ಸಂತೋಷ. ಅದನ್ನು ನೋಡುತ್ತ ಉಳಿದದ್ದನ್ನು ಹೇಳುವುದು ನಾಗವೇಣಿಗೆ ಕಷ್ಟವಾಯಿತು. ಆದರೂ ಹೇಳಿದಳು. ಯಂತ್ರ ಅವನನ್ನೇ ನಲವತ್ತೊಂದು ಬಾರಿ ಎಣಿಸಿದ್ದನ್ನು ಮೊದಲು. ಆಮೇಲೆ ಹೆಣ್ಣುಗಳ ವಿಷಯ: ಅವೂ ಯಂತ್ರದ ಹಾಗೆಯೇ ಕೇಳಿವೆ, ಸುತ್ತ ಗಂಡು ಬೇಕಾದಷ್ಟಿದೆ ಎಂದುಕೊಂಡು ಹೆಣ್ಣಾಗಿಯೇ ಉಳಿದಿವೆ.

"ಅಂದ್ರೆ, ನಾ ಸುಮ್ನಿದ್ದಿದ್ರೆ..."

"ಇಷ್ಟೊತ್ತಿಗೆ ಹತ್ತಾದ್ರೂ ಗಂಡು ಇರ್ತಿತ್ತೇನೋ."

ಅವನು ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದ, ಯಾರದೋ ಸಾಮಾನು ತನ್ನ ಹತ್ತಿರ ಉಳಿದುಹೋದಂತೆ.

"ಮಾತಾಡ್ಸುಕೆ ಹೋದದ್ದು ನಾನು," ಎಂದ.

ಗಾಳಿಗೆ ಚಪ್ಪರದ ತೆಂಗಿನ ಮಡಲು ಸರಸರ ಎಂದಿತು. ದೂರದಲ್ಲಿ ಯಾರೋ ಬೋಟಿನ ಇಂಜಿನ್ ಪರೀಕ್ಷೆ ಮಾಡುತ್ತಿದ್ದರು.

"ಹೇಳ್ಬೇಡ ವೇಣಿ," ಎಂದ ಒಮ್ಮೆಲೇ. "ಪಾತಿ ಹೋಗ್ಲಿ, ಬಿಡು. ಮಾದೇವಿ ಬುಟ್ಟಿ ತೊಳ್ದು ಬಿಸಿಲಿಗಿಟ್ಟಿದ್ದಾಳೆ. ನಾ ಅವ್ಳಿಗೆ ಎಂತ ಮುಖ ತೋರ್ಸುದು? ಹತ್ತು ದಿನ ಹಿಡಿಲಿ. ಸಿಕ್ಕಷ್ಟು ಸಿಕ್ತದೆ."

ಅಪ್ಪ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಳ್ಳಲಿ ಎಂದು ನಾಗವೇಣಿ ಕಾದಳು. ಅವನು ಹುಟ್ಟನ್ನು ಮತ್ತೆ ಎತ್ತಿ ಕಿವಿಯ ಹಿಂದೆ ಇಟ್ಟುಕೊಂಡ. ಸ್ಪೀಕರ್ ಆರಿಹೋಗಿತ್ತು.

"ಎಷ್ಟು ವಯಸ್ಸಿರ್ಬಹುದು ಅದಕ್ಕೆ?"

"ದನಿ ನೋಡಿದ್ರೆ ಮೂವತ್ತರ ಹತ್ರ."

"ಹಾಂಗಾರೆ ನನ್ನ ಕೈಯಿಂದ ಒಂದ್ಸಲ ತಪ್ಪಿಸ್ಕಂಡದ್ದೇ. ತುಟಿಯಲ್ಲಿ ನನ್ನ ಗಾಳ ಇದ್ರೂ ಇರ್ಬಹುದು." ಅವನು ಎದ್ದು ನಿಂತು ಪಾತಿಯ ಬೆನ್ನು ಸವರಿದ. "ನೀ ನಿಮ್ಮ ಆಫೀಸಿಗೆ ಕಾಗದ ಬರಿ. ಜನ್ರಿಗೆ ನಾನೇ ಹೇಳ್ತೆ. ನೀ ಹೇಳಿದ್ರೆ ಮಿಷನ್ನಿನವ್ಳು ಹೇಳಿದ್ದು ಅಂತಾರೆ."

ಸಬೀಹಾ ಆ ಸಂಜೆ ಮುದ್ರಣಗಳನ್ನು ಒಂದೊಂದಾಗಿ ಕೇಳಿದಳು. ಅವಳು ಬಯ್ಯಲಿಲ್ಲ. "ನನ್ನ ಯಂತ್ರ ಒಂದು ದಿನವೂ ಉಸಿರು ಬಿಗಿಹಿಡಿದು ಕೇಳ್ಲಿಲ್ಲ ನೋಡಿ," ಎಂದಳು, "ಕತ್ತರಿಸೋದಕ್ಕೇ ಅದಕ್ಕೆ ಅವಸರ." ಆಮೇಲೆ ಪಟ್ಟಿಯಿಂದ ನಲವತ್ತೊಂದನ್ನೂ ಅಳಿಸಿ, ಕಸದ ಪಟ್ಟಿಯಿಂದ ಒಂದನ್ನು ಎತ್ತಿ ತಂದು ಅಲ್ಲಿಟ್ಟಳು.

ಭಾನುವಾರ ಬೆಳಿಗ್ಗೆ ಮೀನು ಹರಾಜಿನ ಕಟ್ಟೆಯಲ್ಲಿ ಜನ ಸೇರಿದರು. ಮರುದಿನಕ್ಕೆಂದು ಕಟ್ಟಿದ ಮಾವಿನ ತೋರಣ ಆಗಲೇ ತೂಗುತ್ತಿತ್ತು. ಜಟ್ಟಪ್ಪ ಮೈಕು ಬೇಡವೆಂದು ಬರಿಯ ಗಂಟಲಿನಲ್ಲೇ ಹೇಳಿದ. ಅವನು ಹೇಳಿದ್ದು ನಾಲ್ಕೇ ಮಾತು. ನಾ ದಿನಾ ಹೋತಿದ್ದೆ. ಗಾಳ ಬಿಡ್ಲಿಲ್ಲ, ಕುಟ್ಟಿದೆ. ಮಿಷನ್ ಎಣಿಸಿದ್ದು ನನ್ನನ್ನು. ಅಲ್ಲಿರುದು ಒಂದೇ ಗಂಡು.

ಮೊದಲು ಯಾರೋ ನಕ್ಕರು, ಜಟ್ಟಪ್ಪನ ತಮಾಷೆಯಿರಬೇಕೆಂದು. ನಗು ಅರ್ಧಕ್ಕೆ ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ತೆಗೆದರು. ಬೋಟು ಸಂಘದ ಅಧ್ಯಕ್ಷ ಪುರುಷೋತ್ತಮ ಮೂರು ವರ್ಷದಲ್ಲಿ ಒಮ್ಮೆಯೂ ನಿಯಮ ಮುರಿಯದೆ, ಮುರಿಯಲು ಹೋದವರನ್ನು ಕಾಲು ಹಿಡಿದು ತಡೆದವನು. ಅವನು ಜಟ್ಟಪ್ಪನನ್ನು ಬಿಟ್ಟು ನಾಗವೇಣಿಯ ಎದುರು ಬಂದು ನಿಂತ.

"ನಿನ್ನಪ್ಪ ಕುಟ್ಟಿದ್ದು ಮರಕ್ಕೆ ತಂಗಿ. ನೀ ಕುಟ್ಟಿದ್ದು ನಮ್ಮ ಹೊಟ್ಟೆಗೆ. ನಾಳೆ ಒಂದು ದಿನ ತಡ್ಕೊಂಬುಕೆ ಆಗ್ಲಿಲ್ವಾ ನಿಂಗೆ?"

"ನಾಳೆ ಆದ್ಮೇಲೆ ಹೇಳುಕೆ ಎಂತ ಉಳೀತಿತ್ತು ಪುರ್ಸಣ್ಣ?"

ಅವನು ತೋರಣದ ಹಗ್ಗ ಜಗ್ಗಿ ಕಿತ್ತ.

ಕಾವಲಿನವರು ಬಂದು ಪಾತಿಯ ನಂಬರಿದ್ದ ಹಲಗೆಯನ್ನು ಗರಗಸದಿಂದ ಕೊಯ್ದು ತೆಗೆದರು, ಉಳಿದದ್ದನ್ನು ಲಾರಿಗೆ ಹಾಕಿದರು. ಎತ್ತುವಾಗ ಜಟ್ಟಪ್ಪನೂ ಒಂದು ಕೈ ಕೊಟ್ಟ. ವಶಪಡಿಸಿಕೊಳ್ಳಬೇಕಾದ ವಸ್ತುಗಳ ಪಟ್ಟಿಯಲ್ಲಿ ಹುಟ್ಟು ಇರಲಿಲ್ಲ. ಅದು ಅವನ ಹೆಗಲ ಮೇಲೆ ಮನೆಗೆ ಬಂತು. ಸೋಮವಾರ ಮಾದೇವಿ ತೊಳೆದಿಟ್ಟ ಬುಟ್ಟಿಗೆ ತಿಲಾಪಿ ತುಂಬಿಕೊಂಡು ಹೊರಟಳು. ಒಂದೂವರೆ ತಿಂಗಳು ಅವಳು ತಮ್ಮನೊಂದಿಗೂ ಅವನ ಮಗಳೊಂದಿಗೂ ಮಾತಾಡಲಿಲ್ಲ. ಅನ್ನ ಮಾತ್ರ ಎಂದಿನಂತೆ ಬಡಿಸಿದಳು.

ಈಗ ನಾಗವೇಣಿಯ ಕೆಲಸ ಬದಲಾಗಿತ್ತು. ಬೆಳಗಿನ ಮುದ್ರಣವನ್ನು ಕತ್ತರಿಸದೆ, ಪೂರ್ತಿ, ಒಬ್ಬ ಮನುಷ್ಯ ಕೂತು ಕೇಳಬೇಕು ಎಂದು ಸಬೀಹಾ ನಿಯಮ ಮಾಡಿದ್ದಳು. ಬಂಡೆಯಲ್ಲಿ ಏಟು ನಿಂತಮೇಲೆ ಮೊದಲ ಇಪ್ಪತ್ತು ದಿನ ಆ ಹಳೆಯ ಗಂಡು ಆರೂಕಾಲಕ್ಕೆ ತಾನಾಗಿ ಕೂಗಿತು. ಕೂಗಿ, ಕಾದು, ಮತ್ತೊಮ್ಮೆ ಕೂಗಿತು. ಇಪ್ಪತ್ತೊಂದನೆಯ ದಿನ ಕೂಗಲಿಲ್ಲ. ಇದನ್ನು ಅವಳು ಅಪ್ಪನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ. ಅವನು ಈಗ ಬಲೆ ಹೆಣೆಯುವ ಕೂಲಿಗೆ ಹೋಗುತ್ತಿದ್ದ. ಮನೆಗೆ ಬರುವಾಗ ಬಾಗಿಲು ಬಡಿಯುತ್ತಿರಲಿಲ್ಲ. ಹೊಸಿಲ ಹೊರಗೆ ನಿಂತು ಕೆಮ್ಮುತ್ತಿದ್ದ. ಒಮ್ಮೆ ಮಾದೇವಿಯೇ ತಡೆಯಲಾರದೆ, "ಬಾಗ್ಲು ಬಡಿಯಾ ಮಾರಾಯ, ಇಲ್ಲೆಂತ ಮೀನಿದ್ಯಾ?" ಎಂದು ಮೌನ ಮುರಿದಳು. ಅವನು ಬಡಿಯಲಿಲ್ಲ.

ಮಳೆಗಾಲದಲ್ಲಿ ಅಲೆಯ ಅಬ್ಬರಕ್ಕೆ ಕಿವಿಗಳಿಗೆ ಏನೂ ಕೇಳಿಸಲಿಲ್ಲ. ನವರಾತ್ರಿ ಕಳೆದು ನೀರು ತಿಳಿಯಾಯಿತು. ಕಾರ್ತಿಕದಲ್ಲಿ ಹಳೆಯ ಗಂಡು ಮತ್ತೆ ಒಂದೆರಡು ಸಲ ಕೂಗಿತು, ಯಾರನ್ನೂ ಕೇಳದವರ ಹಾಗೆ.

ಮಾರ್ಗಶಿರದ ಒಂದು ಬೆಳಿಗ್ಗೆ ನಾಗವೇಣಿ ಬಿಲ್ಲೆಗಳನ್ನು ಒತ್ತಿಕೊಂಡು ಕೂತಿದ್ದಳು. ಸಾಸಿವೆ ಸಿಡಿಯುತ್ತಿತ್ತು. ಬಂಡೆಯ ತೆಂಕಣ ಬದಿಯಿಂದ ಒಂದು ದನಿ ಎದ್ದಿತು. ತೆಳ್ಳಗೆ, ಮೇಲಿನ ಸ್ಥಾಯಿಯಲ್ಲಿ, ಅರ್ಧಕ್ಕೆ ಒಡೆದು ನಿಂತಿತು. ಸ್ವಲ್ಪ ಬಿಟ್ಟು ಮತ್ತೆ ಎದ್ದಿತು. ಈ ಸಲ ಒಡೆಯಲಿಲ್ಲ. ಯಾವುದೋ ಹೆಣ್ಣು ಆ ಬೆಳಿಗ್ಗೆ ತನ್ನ ಹೊಸ ಗಂಟಲನ್ನು ಮೊದಲ ಸಲ ಪ್ರಯತ್ನ ಮಾಡುತ್ತಿತ್ತು. ನಾಗವೇಣಿ ಉಸಿರು ಬಿಗಿಹಿಡಿದಳು.

ಬಡಗಣ ಬದಿಯಿಂದ, ತಳದಿಂದ, ಅಗಲವಾಗಿ, ಹಳೆಯದು ಹೂಂ ಎಂದಿತು.

ಸಂಜೆ ಅವಳು ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಬಲೆಯ ಕಣ್ಣು ಎಣಿಸುತ್ತಿದ್ದ. ಅವಳು ಸೂರಿನ ಸಂದಿಯಿಂದ ಹುಟ್ಟನ್ನು ಎಳೆದಳು.

"ಎಂತಕ್ಕೆ ಅದು?" ಎಂದ.

"ಹಿಡ್ಕೊ."

ಹಿಡಿಯನ್ನು ಅವನ ಕಿವಿಯ ಹಿಂದಿನ ಎಲುಬಿಗೆ ಇಟ್ಟು, ತಾನು ಅಲಗಿನ ತುದಿಗೆ ಹೋಗಿ ಕೂತಳು. ಮೊದಲು ಬೆರಳಿನ ಉಗುರಿನಿಂದ ಒಂದು ಸಣ್ಣ ಏಟು ಹಾಕಿದಳು. ಅರ್ಧದಲ್ಲೇ ನಿಂತುಹೋದಂಥದ್ದು. ತಡೆದು, ಅಂಥದ್ದೇ ಇನ್ನೊಂದು. ಆಮೇಲೆ ಮುಷ್ಟಿಯ ಬುಡದಿಂದ ಒಂದು ದೊಡ್ಡದು, ಮೆಲ್ಲಗೆ.

ಬಲೆ ಅವನ ಮಡಿಲಿನಿಂದ ಜಾರಿತು.

"ಎರಡಾ?"

"ಎರಡು."

ಜಟ್ಟಪ್ಪನ ಬಲಗೈ ಮೇಲೆದ್ದಿತು. ಬೆರಳು ಮಡಿಸಿ ಗೆಣ್ಣು ಹುಟ್ಟಿನ ಮರಕ್ಕೆ ತಾಗುವಷ್ಟು ಹತ್ತಿರ ಬಂತು. ಅಲ್ಲಿ ನಿಂತಿತು. ಅವನು ಮುಷ್ಟಿ ಬಿಚ್ಚಿ, ಸದ್ದಾಗದಂತೆ, ಅಂಗೈಯನ್ನು ಮರದ ಮೇಲೆ ಇಟ್ಟ.